ಮೆಂತ್ಯದ ಡಬ್ಬಿಯೂ ಪಿಗ್ಮಿ ಮಾಮನೂ

ಪ್ರತಿ ಜನವರಿ ಒಂದನೇ ತಾರೀಕು ನಾನು ಹೊಸ ಡೈರಿಯಲ್ಲಿ ಖರ್ಚಿನ ಲೆಕ್ಕ ಶುರು ಮಾಡುತ್ತೇನೆ. ಮೊದಲ ದಿನ ನೋಡಬೇಕು, ಏನು ಚೆಂದ! ಹಾಲು 52, ಕೊತ್ತಂಬರಿ ಸೊಪ್ಪು 10, ಕರಿಬೇವು ಪುಕ್ಕಟೆ. ಪುಕ್ಕಟೆ ಬಂದದ್ದನ್ನೂ ಬರೆಯುವಷ್ಟು ಪ್ರಾಮಾಣಿಕತೆ. ನಾಲ್ಕನೇ ದಿನ 'ಇತರೆ' ಎಂಬ ಮಹಾಶಯನ ಪ್ರವೇಶ. ಹಾಲು 52, ಇತರೆ 340. ಎಂಟನೇ ದಿನಕ್ಕೆ ಹಾಲೂ ಇತರೆಯ ಹೊಟ್ಟೆಗೇ ಹೋಯಿತು. ಸಂಕ್ರಾಂತಿ ಹೊತ್ತಿಗೆ ನಮ್ಮಾಕೆ ಆ ಡೈರಿಯನ್ನು ಇಸ್ತ್ರಿ ಬಟ್ಟೆ ಲೆಕ್ಕಕ್ಕೆ ಎತ್ತಿಕೊಂಡಳು. "ಪಾಪ, ಖಾಲಿ ಹಾಳೆ ಬಹಳ ಇತ್ತು" ಅಂದಳು.

ದುಡ್ಡು ಉಳಿಸಲು ಶಿಸ್ತು ಬೇಕು ಅನ್ನುತ್ತಾರೆ ತಿಳಿದವರು. ಸುಳ್ಳು. ಬೇಕಾದದ್ದು ದಾಕ್ಷಿಣ್ಯ. ಇದನ್ನು ನಾನು ಕಲಿತದ್ದು ಅಪ್ಪನ ದಿನಸಿ ಅಂಗಡಿಯಲ್ಲಿ.

ಬಾಕಿ ವಸೂಲಿಗೆ ಬಂದವರಿಗೆಲ್ಲ ಅಪ್ಪನ ಬಳಿ ಒಂದೇ ಮಂತ್ರ: "ನಾಳೆ ಬನ್ನಿ." ಬೆಲ್ಲದ ಮಂಡಿಯವನಿಗೂ ಅದೇ, ಎಣ್ಣೆ ಡಬ್ಬದವನಿಗೂ ಅದೇ. ಆದರೆ ಸಂಜೆ ನಾಲ್ಕಕ್ಕೆ ರೆಕ್ಸಿನ್ ಚೀಲ ನೇತುಹಾಕಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದ ಪಿಗ್ಮಿ ಮಾಮನ ಮುಂದೆ ಆ ಮಂತ್ರ ನಡೆಯುತ್ತಿರಲಿಲ್ಲ. ಒಂದು ಆಷಾಢದ ದಿನ ಜಡಿಮಳೆ. "ಬೋಣಿಯೇ ಆಗಿಲ್ಲ ಮಾರಾಯ್ರೆ" ಅಂದರು ಅಪ್ಪ. ಮಾಮ ಒಂದು ಮಾತೂ ಆಡಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. ಅಂಗಿಯೂ ಒದ್ದೆ, ಆದ್ದರಿಂದ ಇನ್ನೊಮ್ಮೆ ಒರೆಸಿದರು. ಅಷ್ಟರಲ್ಲಿ ಅಪ್ಪನ ಕೈ ತಾನಾಗಿಯೇ ಗಲ್ಲಾಪೆಟ್ಟಿಗೆಯಡಿಯ ಗೋಣಿತಾಟಿಗೆ ಹೋಗಿ ಐದು ರೂಪಾಯಿ ಹೊರಗೆ ಬಂತು. "ಈ ಮಳೆಯಲ್ಲಿ ಬಂದವರನ್ನ ಬರಿಗೈಲಿ ಕಳಿಸೋದು ಹೇಗೆ?" ಅಂದರು ಆಮೇಲೆ, ಆ ಐದು ರೂಪಾಯಿ ಮಾಮನಿಗೇ ಕೊಟ್ಟ ದಾನವೋ ಎಂಬಂತೆ! ಅಕ್ಕನ ಮದುವೆಯ ಬಳೆ ಬಂದದ್ದು ಆ ದಾಕ್ಷಿಣ್ಯದ ದುಡ್ಡಿನಲ್ಲಿ.

ಈ ಪಿಗ್ಮಿ ನಮ್ಮ ಉಡುಪಿಯ ಸರಕು. ಡಾ. ಟಿ.ಎಂ.ಎ. ಪೈ ಮತ್ತವರ ಜೊತೆಗಾರರು 1925ರಲ್ಲಿ ಕಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಸಂಸ್ಥೆ 1928ರಲ್ಲಿ ಇದನ್ನು ತಂದಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬ್ಯಾಂಕಿನವನೇ ಮನೆ ಬಾಗಿಲಿಗೆ ಬರುತ್ತಿದ್ದ. ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ ಹತ್ತಾಣೆ, ಬಡ್ಡಿ ಬೇರೆ. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾಯಿತು. ಪಿಗ್ಮಿ ಎಂಬ ಮಾತು ಮಾತ್ರ ಯಾವುದರಲ್ಲೂ ಲೀನವಾಗದೆ ಊರೂರ ಸೊಸೈಟಿಗಳಲ್ಲಿ ಓಡಾಡಿಕೊಂಡಿದೆ.

ಈಗ ನಮ್ಮ ದುಡ್ಡೆಲ್ಲ ಫೋನಿನೊಳಗೆ. ಮೊದಲು ಐನೂರರ ನೋಟು ಮುರಿಸುವುದೆಂದರೆ ಒಂದು ಸಂಕಟ. "ಮುರಿಸಿದ್ರೆ ಮುಗೀತು, ನೀರಾಗಿ ಹೋಗತ್ತೆ" ಅನ್ನುತ್ತಿದ್ದಳು ಅಮ್ಮ. ಇಡೀ ನೋಟು ಕೆಡುತ್ತದಲ್ಲ ಅಂತ ಎಷ್ಟೋ ಸಲ ಬೋಂಡ ತಿನ್ನದೆ ಮನೆಗೆ ಬಂದದ್ದುಂಟು. ಫೋನಿನಲ್ಲಿ ಮುರಿಸಲು ಏನಿದೆ? ಬೋಂಡದ ಗಾಡಿಯ ಮೇಲಿನ ಪೆಟ್ಟಿಗೆ "ನಲವತ್ತು ರೂಪಾಯಿ ಸ್ವೀಕರಿಸಲಾಗಿದೆ" ಎಂದು ಊರಿಗೆಲ್ಲ ಕೇಳುವಂತೆ ಕೂಗುತ್ತದೆ. ನನಗೊಬ್ಬನಿಗೆ ಕೇಳುವುದಿಲ್ಲ.

ಇನ್ನು ಕಾರ್ಡಿನ ವಿಷಯ. ಹಳ್ಳಿಯಲ್ಲಿ ಯಾರಾದರೂ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಹಾಕಿದರೆ ಇಡೀ ಊರು "ರಕ್ತ ಹೀರ್ತಾನೆ" ಅನ್ನುತ್ತಿತ್ತು. ಕನಿಷ್ಠ ಮೊತ್ತ ಕಟ್ಟಿ ಬಾಕಿ ಉಳಿಸಿಕೊಂಡರೆ ಎಷ್ಟೋ ಕ್ರೆಡಿಟ್ ಕಾರ್ಡುಗಳು ಮೂರೂವರೆ ಹಾಕುತ್ತವೆ, ಅಂದರೆ ವರ್ಷಕ್ಕೆ 42. ನಾವು ಮಾತ್ರ ಹತ್ತು ರೂಪಾಯಿ ಕ್ಯಾಶ್‌ಬ್ಯಾಕ್ ಬಂತೆಂದು ಮಗನಿಗೆ ತೋರಿಸುತ್ತೇವೆ.

ಆ ಮಗನೇ ಕೊನೆಗೆ ಉಪಾಯ ಹೇಳಿಕೊಟ್ಟ. ಸಂಬಳ ಬಿದ್ದ ಮರುದಿನವೇ ಮೂರು ಸಾವಿರ ತಾನಾಗಿ ಆರ್‌ಡಿಗೆ ಹೋಗಬೇಕು. ಕಣ್ಣಿಗೆ ಬೀಳದ ದುಡ್ಡು ಖರ್ಚಾಗುವುದಿಲ್ಲ. ಮಾತು ನೂರಕ್ಕೆ ನೂರು ನಿಜ. ಎರಡು ತಿಂಗಳು ಹೋಯಿತು ಕೂಡ. ಮೂರನೇ ತಿಂಗಳು ಒಂದು ಮಿಕ್ಸಿ ಕಣ್ಣಿಗೆ ಬಿತ್ತು. ಫೋನಿನಲ್ಲಿ ಎರಡು ಸಲ ಒತ್ತಿದೆ, ಆರ್‌ಡಿ ಮುಚ್ಚಿತು. ಆ್ಯಪ್ ಬೇಜಾರು ಮಾಡಿಕೊಳ್ಳಲಿಲ್ಲ, ಕನ್ನಡಕ ಒರೆಸಲಿಲ್ಲ. ಧನ್ಯವಾದ ಬೇರೆ ಹೇಳಿತು!

ನಮ್ಮ ಮನೆಯಲ್ಲಿ ನಿಜವಾದ ಬ್ಯಾಂಕು ಯಾವುದೆಂದು ನನಗೆ ಗೊತ್ತಾದದ್ದು 2016ರ ನವೆಂಬರ್ 8ರ ರಾತ್ರಿ. ಐನೂರು, ಸಾವಿರದ ನೋಟು ಮಧ್ಯರಾತ್ರಿಯಿಂದ ನಡೆಯುವುದಿಲ್ಲವೆಂದು ಟೀವಿಯಲ್ಲಿ ಪ್ರಧಾನಿ ಹೇಳುತ್ತಿದ್ದಾರೆ. ನಮ್ಮಾಕೆ ಅಡುಗೆಮನೆಯಿಂದ ಮೆಂತ್ಯದ ಡಬ್ಬಿ ಹಿಡಿದುಕೊಂಡು ಬಂದಳು. ಮೇಲೆ ಎರಡು ಹಿಡಿ ಮೆಂತ್ಯ, ಕೆಳಗೆ ಐನೂರರ 23 ನೋಟು.

"ಹನ್ನೊಂದೂವರೆ ಸಾವಿರ! ಇಷ್ಟು ಇಟ್ಕೊಂಡು ಮೊನ್ನೆ ಗ್ಯಾಸಿಗೆ ನನ್ನ ಹತ್ರ ಕೇಳಿದೆಯಲ್ಲೇ?"

"ಕೇಳಿದ್ದಕ್ಕೇ ಅಲ್ವಾ ಇಷ್ಟು ಉಳಿದಿದ್ದು?"

ಈ ತರ್ಕಕ್ಕೆ ಇವತ್ತಿನವರೆಗೂ ನನ್ನ ಬಳಿ ಉತ್ತರವಿಲ್ಲ. ಬ್ಯಾಂಕಿನ ಸಾಲಿನಲ್ಲಿ ಮೂರು ತಾಸು ನಿಂತು ನೋಟು ಮುಂದಿಟ್ಟಾಗ ಕ್ಯಾಷಿಯರ್ ಒಮ್ಮೆ ಮೂಸಿದ. "ಮೆಂತ್ಯವಾ? ಬೆಳಗ್ಗಿಂದ ಹಿಂಗು, ಸಾಸಿವೆ, ಸಾರಿನಪುಡಿ ಎಲ್ಲಾ ಬಂದಾಯ್ತು ಸಾರ್. ಅಕ್ಕಿ ಮೂಟೆಯಿಂದ ಬಂದಿದ್ದು ಒಂದೇ ವಾಸನೆ ಇಲ್ಲದ್ದು."

ಆರ್‌ಡಿ ಮುಚ್ಚಿದ ಮೇಲೆ ನಾನು ನಮ್ಮಾಕೆಯನ್ನೇ ಪಿಗ್ಮಿ ಏಜೆಂಟ್ ಮಾಡಿಕೊಂಡಿದ್ದೇನೆ. ರಾತ್ರಿ ಊಟವಾದ ಮೇಲೆ ಕೈ ಚಾಚಿ ನಿಲ್ಲುತ್ತಾಳೆ, ನೂರು ರೂಪಾಯಿ, ನೋಟೇ ಆಗಬೇಕು. "ಇವತ್ತು ಇಲ್ಲ" ಅಂದರೆ ಜಗಳವಿಲ್ಲ. ಸುಮ್ಮನೆ ನಿಂತು ಸೆರಗಿಗೆ ಕೈ ಒರೆಸಿಕೊಳ್ಳುತ್ತಾಳೆ. ಅಷ್ಟು ಸಾಕು, ಅಪ್ಪನ ಮಗ ಕರಗುತ್ತಾನೆ. ಲೆಕ್ಕ ಬರೆಯುವುದು ಆ ಜನವರಿ ಡೈರಿಯಲ್ಲೇ, ಇಸ್ತ್ರಿ ಬಟ್ಟೆಗಳ ಪಕ್ಕ: ಪ್ಯಾಂಟು 2, ಅಂಗಿ 3, ಯಜಮಾನರು 100. ಒಟ್ಟು ಎಷ್ಟಾಯಿತೆಂದು ಕೇಳಿದರೆ "ಅವಧಿ ಮುಗೀಲಿ" ಅನ್ನುತ್ತಾಳೆ. ಅವಧಿ ಎಷ್ಟೆಂದು ಕೇಳುವ ಧೈರ್ಯ ನನಗಿಲ್ಲ.

ನಿನ್ನೆ ಅವಳು ಹಾಲಿನಲ್ಲಿ ಟೀವಿ ನೋಡುತ್ತಿದ್ದಾಗ ಮೆಲ್ಲಗೆ ಅಡುಗೆಮನೆಗೆ ಹೋಗಿ ಹುರಿಗಡಲೆ ಡಬ್ಬಿ ಅಲ್ಲಾಡಿಸಿದೆ.

"ಅದರಲ್ಲಿಲ್ಲ ರೀ" ಅಂದಳು, ಅಲ್ಲಿಂದಲೇ.