ಸೇತುಮೀಮಾಂಸೆ: ನಾಲ್ಕು ತಾಲೂಕುಗಳ ಸಿವಿಲ್ ವ್ಯಾಸಂಗವನ್ನು ಕುರಿತು

ಶಾಸ್ತ್ರವೆಂಬ ಹೆಸರಿಗೆ ಅರ್ಹವಾದ ಯಾವ ವಿದ್ಯೆಗಾದರೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಅನುಬಂಧಚತುಷ್ಟಯವು ಮೊದಲು ಸಿದ್ಧವಾಗಿರಬೇಕೆಂಬುದು ನಮ್ಮ ಪ್ರಾಚೀನರ ಕಟ್ಟಪ್ಪಣೆ. ಸಿವಿಲ್ ಎಂಜಿನಿಯರಿಂಗ್ ಎಂಬ ವಿದ್ಯೆಯು ಉತ್ತರ ಕನ್ನಡದ ಘಟ್ಟದ ಮೇಲಣ ಸೀಮೆಯ ಒಂದು ಭಾಗದಲ್ಲಿ ಬಹುಕಾಲ ಶಾಸ್ತ್ರಪದವಿಗೇರದೆ ಉಳಿದುದಕ್ಕೆ ಕಾರಣವನ್ನು ಯಾರು ಹೇಗೆ ಊಹಿಸಿದರೂ, ಪ್ರಸ್ತುತ ಲೇಖಕನ ಮತದಲ್ಲಿ ಅದು ಅತಿ ಸರಳವಾದುದು: ಅನುಬಂಧಗಳು ನಾಲ್ಕು, ಆ ಭಾಗದ ತಾಲೂಕುಗಳು ಮಾತ್ರ ಹಳಿಯಾಳ, ಜೋಯಿಡಾ, ಮುಂಡಗೋಡ ಎಂದು ಮೂರೇ. ಇತ್ತೀಚೆಗೆ ದಾಂಡೇಲಿಯು ಹಳಿಯಾಳದಿಂದ ಬೇರ್ಪಟ್ಟು ತಾನೇ ಒಂದು ತಾಲೂಕಾದುದರಿಂದ ಆ ನ್ಯೂನತೆ ನೀಗಿತು. ಕಂದಾಯ ಇಲಾಖೆಯವರಿಗೆ ಮೀಮಾಂಸೆಯಲ್ಲಿ ಇಷ್ಟು ಪರಿಶ್ರಮವಿದ್ದೀತೆಂದು ಯಾರೂ ಶಂಕಿಸಿರಲಿಲ್ಲ.

ಮೊದಲು ಅಧಿಕಾರಿಯ ವಿಚಾರ. ಈ ಜಿಲ್ಲೆಯು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಎಂಜಿನಿಯರನಾಗಬಯಸಿದ ಹುಡುಗನು, ಮೈಸೂರು ಸೀಮೆಯಿಂದ ವಿಶ್ವೇಶ್ವರಯ್ಯನವರು ಹೋದಂತೆ, ಪುಣೆಯ ದಾರಿ ಹಿಡಿಯಬೇಕಾಗಿತ್ತು. 1947ರಲ್ಲಿ ಹುಬ್ಬಳ್ಳಿಯ ಬಿ.ವಿ.ಬಿ. ಕಾಲೇಜು ಆ ದಾರಿಯನ್ನು ಮೊಟಕುಗೊಳಿಸಿತು. 2004ರಲ್ಲಿ ಹಳಿಯಾಳದಲ್ಲಿಯೇ, ಈಗ ವಿಶ್ವನಾಥರಾವ್ ದೇಶಪಾಂಡೆಯವರ ಹೆಸರನ್ನು ಹೊತ್ತಿರುವ ತಾಂತ್ರಿಕ ವಿದ್ಯಾಲಯವು ಸ್ಥಾಪಿತವಾಗಿ, ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಛತ್ರಚ್ಛಾಯೆಯಲ್ಲಿ ನೆಲೆಗೊಂಡಿತು. ವೇದಾಂತದ ಅಧಿಕಾರಿಗೆ ವಿವೇಕ, ವೈರಾಗ್ಯ, ಶಮದಮಾದಿಗಳು, ಮುಮುಕ್ಷುತ್ವ ಎಂಬ ಸಾಧನಸಂಪತ್ತು ಪ್ರವೇಶಕ್ಕೆ ಮೊದಲೇ ಇರಬೇಕಾದರೆ, ಸಿವಿಲ್ ಅಧಿಕಾರಿಗೆ ಅವು ಪ್ರವೇಶಾನಂತರ ತಾವಾಗಿಯೇ ಪ್ರಾಪ್ತವಾಗುತ್ತವೆ. ಯಾವ ಕಾಲೇಜಿನಲ್ಲಾದರೂ ಸರಿ, ಮೂರನೆಯ ಸೆಮಿಸ್ಟರಿನ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ಪತ್ರಿಕೆಯನ್ನು ಎದುರಿಸಿದವನಿಗೆ ವೈರಾಗ್ಯವೂ, ಅದನ್ನು ಬ್ಯಾಕ್‌ಲಾಗಾಗಿ ಎಂಟನೆಯ ಸೆಮಿಸ್ಟರಿನವರೆಗೆ ಹೊತ್ತು ತಂದವನಿಗೆ ಮುಮುಕ್ಷುತ್ವವೂ ಬಾರದೆ ಇರುವುದು ಅಸಾಧ್ಯವಷ್ಟೆ.

ಎರಡನೆಯದಾದ ವಿಷಯಕ್ಕೆ ಜೋಯಿಡಾವೇ ಕ್ಷೇತ್ರ. ದಿಗ್ಗಿಯ ಬಳಿ ಹುಟ್ಟಿದ ಕಾಳಿಯು ಪಾಂಢರಿಯನ್ನು ಕೂಡಿಕೊಳ್ಳುತ್ತಿದ್ದ ಎಡೆಯಲ್ಲಿ ಸೂಪಾ ಎಂಬ ಊರಿತ್ತು. ಅದೇ ತಾಲೂಕಿನ ಮುಖ್ಯಸ್ಥಳವೂ ಆಗಿತ್ತು. ಅದರ ಕೆಳಗೆ, ಗಣೇಶಗುಡಿಯ ಬಳಿ, 1987ರಲ್ಲಿ ಪೂರ್ಣಗೊಂಡ 101 ಮೀಟರ್ ಎತ್ತರದ ಕಾಂಕ್ರೀಟು ಅಣೆಕಟ್ಟು ಕೇವಲ ತನ್ನ ತೂಕದಿಂದಲೇ ನದಿಯನ್ನು ತಡೆದು ನಿಂತಿದೆ. ಜಲಾಶಯದ ಗಾತ್ರ 140 ಟಿ.ಎಂ.ಸಿ.ಗೂ ಮೀರಿದ್ದು. ನೀರಿನಲ್ಲಿ ಮುಳುಗಿದ ವಸ್ತುವು ನೀರನ್ನು ಸ್ಥಳಾಂತರಿಸುತ್ತದೆಂದು ಗ್ರೀಕನಾದ ಆರ್ಕಿಮಿಡೀಸನು ಸಾಧಿಸಿದ್ದನಷ್ಟೆ. ನೀರೇ ಊರನ್ನು ಸ್ಥಳಾಂತರಿಸಬಲ್ಲುದೆಂಬ ವಿಲೋಮ ಸಿದ್ಧಾಂತವು ಸೂಪಾದಲ್ಲಿ ಪ್ರಯೋಗಸಿದ್ಧವಾಯಿತು. ಕಚೇರಿಗಳು ಜೋಯಿಡಾಕ್ಕೆ ತೇಲಿದವು, ನಿರ್ವಸಿತರು ರಾಮನಗರವೇ ಮೊದಲಾದ ಕಡೆಗಳಲ್ಲಿ ದಡ ಸೇರಿದರು. ಸ್ನಾನದ ತೊಟ್ಟಿಯಲ್ಲಿದ್ದ ಗ್ರೀಕನು ಹರ್ಷದಿಂದ ಕೂಗಿಕೊಂಡನೆಂಬ ಕಥೆಯುಂಟು. ಸೂಪಾದವರು ಏನೆಂದು ಕೂಗಿದರೆಂಬುದು ಪಠ್ಯಕ್ರಮದಲ್ಲಿಲ್ಲ.

ಇಲ್ಲೊಂದು ಪೂರ್ವಪಕ್ಷ: ಇಂಥ ಮಹಾಸೇತುವುಳ್ಳ ತಾಲೂಕಿನಲ್ಲಿಯೇ ಮಳೆಗಾಲ ಬಂತೆಂದರೆ ಕಾಡಿನೊಳಗಣ ಮಜಿರೆಗಳ ಮಕ್ಕಳು ಬಿದಿರನ್ನೋ ಮರದ ದಿಮ್ಮಿಯನ್ನೋ ಅಡ್ಡಹಾಕಿದ ಕಾಲುಸಂಕದ ಮೇಲೆ ಹಳ್ಳ ದಾಟಿ ಶಾಲೆಗೆ ಹೋಗುವರಲ್ಲಾ, ಇದು ಅಸಂಗತವಲ್ಲವೆ? ಸಮಾಧಾನ: ಅಲ್ಲ. ಸೇತುಶಾಸ್ತ್ರದ ಆದಿಮ ಅವಸ್ಥೆಯನ್ನೂ ಅಂತಿಮ ಅವಸ್ಥೆಯನ್ನೂ ಒಂದೇ ಹಗಲಿನಲ್ಲಿ ವಿದ್ಯಾರ್ಥಿಗೆ ತೋರಿಸಬಲ್ಲ ಪ್ರಯೋಗಶಾಲೆಯು ಭೂಮಂಡಲದಲ್ಲಿ ಎಷ್ಟೆಡೆ ಉಂಟು? ದಶಕಗಟ್ಟಲೆ ಹಳ್ಳಗಳನ್ನು ಹಾಗೆಯೇ ಬಿಟ್ಟಿರುವ ದೂರದೃಷ್ಟಿಯನ್ನು ಔದಾಸೀನ್ಯವೆಂದು ಕರೆಯುವವರು ಶಿಕ್ಷಣತತ್ತ್ವವನ್ನರಿಯರು. ಅಲ್ಲದೆ ಸಂಕವನ್ನು ಕುಣಬಿಗಳೂ ಇತರ ಗ್ರಾಮಸ್ಥರೂ ವರ್ಷವರ್ಷವೂ ಹೊಸದಾಗಿ ಕಟ್ಟುವುದರಿಂದ ಅದಕ್ಕೆ ವಾರ್ಧಕ್ಯವೆಂಬುದೇ ಇಲ್ಲ. ಕಾಂಕ್ರೀಟಿಗಾದರೋ ಅದು ಉಂಟು: ಇದೇ ಕಾಳಿಯು ಕಡಲನ್ನು ಸೇರುವಲ್ಲಿ, ಕಾರವಾರದ ಹಳೆಯ ಹೆದ್ದಾರಿ ಸೇತುವೆಯು 2024ರ ಆಗಸ್ಟ್ 7ರಂದು ನಡುರಾತ್ರಿ ಕಳೆದ ಮೇಲೆ ಕುಸಿದು, ಲಾರಿಯೊಂದು ನದಿಗೆ ಬಿದ್ದು, ಚಾಲಕನು ಬದುಕಿಬಂದನು. ರಸ್ತೆಯ ಹೊಂಡಗಳಿಗೂ ಈ ಪ್ರಯೋಗಶಾಲೆಯ ನ್ಯಾಯವೇ ಅನ್ವಯಿಸುತ್ತದೆ. ಡಾಂಬರು, ಅದರ ಕೆಳಗೆ ಜಲ್ಲಿ, ಅದರ ಕೆಳಗೆ ಕೆಮ್ಮಣ್ಣು ಎಂಬ ಸ್ತರಕ್ರಮವನ್ನು ಪುಸ್ತಕದಲ್ಲಿ ನಕ್ಷೆಯಾಗಿ ನೋಡಬೇಕಾದುದನ್ನು, ಸೆಪ್ಟೆಂಬರಿನಲ್ಲಿ ಬಸ್ಸಿನ ಕಿಟಕಿಯಿಂದಲೇ ಪ್ರತ್ಯಕ್ಷಪ್ರಮಾಣದಿಂದ ಗ್ರಹಿಸಬಹುದು.

ಮೂರನೆಯದಾದ ಸಂಬಂಧವನ್ನು ಒದಗಿಸುವುದು ದಾಂಡೇಲಿ. 1950ರ ದಶಕದಲ್ಲಿ ಅಲ್ಲಿ ವೆಸ್ಟ್ ಕೋಸ್ಟ್ ಕಾಗದದ ಗಿರಣಿ ತಲೆಯೆತ್ತಿತು. ಸುತ್ತಣ ಕಾಡಿನ ಬಿದಿರು ಅದಕ್ಕೆ ಬಹುಕಾಲ ಆಹಾರವಾಯಿತು. ಅಂದಮೇಲೆ ಬಿದಿರಿನ ಮುಂದೆ ಎರಡೇ ಗತಿಗಳಿದ್ದುವು: ಒಂದೋ ಹಳ್ಳದ ಮೇಲೆ ಸಂಕವಾಗಿ ನಾಲ್ಕು ಮಂದಿಯನ್ನು ದಾಟಿಸುವುದು, ಇಲ್ಲವೇ ಕಾಗದವಾಗಿ ರೆಕಾರ್ಡ್ ಪುಸ್ತಕದೊಳಗೆ ಸೇರಿ, ಯಾರನ್ನೂ ದಾಟಿಸದ ಸೇತುವೆಯ ನಕ್ಷೆಯನ್ನು ಹೊರುವುದು. ರೆಕಾರ್ಡಿನ ಮಹಿಮೆಯನ್ನು ಇಲ್ಲಿ ವಿಸ್ತರಿಸಲು ಅವಕಾಶವಿಲ್ಲ. ಹಿರಿಯ ವಿದ್ಯಾರ್ಥಿಯಿಂದ ಕಿರಿಯನಿಗೆ ಅಕ್ಷರಲೋಪವಿಲ್ಲದೆ ಇಳಿದುಬರುವ ಈ ಪರಂಪರೆಯಲ್ಲಿ, ಯಾವನೋ ಪೂರ್ವಸೂರಿಯು ಎಂದೋ ಮಾಡಿದ ಕೂಡಿಕೆಯ ತಪ್ಪು ಸಹ ಇಂದಿಗೂ ಸುರಕ್ಷಿತವಾಗಿದೆಯೆಂದರೆ ಸಾಕು.

ಸಂಬಂಧದ ಇನ್ನೊಂದು ಮುಖವೆಂದರೆ ಗೌಂಡಿ. ವಿದ್ಯಾರ್ಥಿಯು ಲೆವೆಲ್ ಯಂತ್ರವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ, ಗುಳ್ಳೆಯನ್ನು ನಡುವಿಗೆ ತಂದು, ಸ್ಟಾಫ್ ಹಿಡಿದ ಗೆಳೆಯನನ್ನು ಬೈದು, ಅಂಕಿಗಳನ್ನು ಬರೆದುಕೊಂಡು ಕೂಡಿ ಕಳೆಯುತ್ತಿರುವಾಗ, ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ ಎರಡು ಮೂಲೆಗಳಿಗೆ ಗುರುತು ಹಾಕಿ ಮುಗಿಸಿದ ಹಳಿಯಾಳ ಸೀಮೆಯ ಗೌಂಡಿಯು ವಿನಯಪೂರ್ವಕವಾಗಿ ಹೇಳುವ ಮಾತಿದು: “ತಮ್ಮಾ, ನಿನ್ನ ಮಷಿನ್ನಿನ ಲೆಕ್ಕ ಮುಗದ ಮ್ಯಾಲ ಹೇಳು, ಅಲ್ಲೀತನಕ ನಾ ನಾಕ ವರಸಿ ಇಟ್ಟಂಗಿ ಕಟ್ಟತೇನಿ.” ಈ ವಾಕ್ಯಕ್ಕೆ ಭಾಷ್ಯ ಬರೆಯಬಲ್ಲ ಪ್ರಾಧ್ಯಾಪಕರು ಇನ್ನೂ ಹುಟ್ಟಬೇಕಾಗಿದೆ.

ಪ್ರಯೋಜನವೆಂಬ ನಾಲ್ಕನೆಯ ಅನುಬಂಧಕ್ಕೆ ಮುಂಡಗೋಡವೇ ಉಳಿಯಿತು. ಪ್ರಯೋಜನವು ನಿರ್ಣಯವಾಗುವುದು ವೈವಾ ಎಂಬ ಮೌಖಿಕ ಪರೀಕ್ಷೆಯಲ್ಲಿ. ವೈವಾದ ಸ್ವರೂಪವು ಸ್ಪಷ್ಟವಾಗಬೇಕಾದರೆ, 1966ರಿಂದ ಅಲ್ಲಿ ನೆಲೆಸಿದ ಟಿಬೇಟಿಯನರ ಡ್ರೆಪುಂಗ್, ಗಾದೆನ್ ಮಠಗಳ ಅಂಗಳದಲ್ಲಿ ನಡೆಯುವ ತರ್ಕವಾದವನ್ನು ನೋಡಬೇಕು. ಅಲ್ಲಿ ಪ್ರಶ್ನಿಸುವ ಭಿಕ್ಷುವು ನಿಂತು ಚಪ್ಪಾಳೆ ತಟ್ಟುತ್ತಾನೆ, ಉತ್ತರಿಸುವವನು ನಿಶ್ಚಿಂತನಾಗಿ ಕುಳಿತಿರುತ್ತಾನೆ. ವೈವಾದಲ್ಲಾದರೋ ಪ್ರಶ್ನಿಸುವವನು ಕುಳಿತಿರುತ್ತಾನೆ, ಉತ್ತರಿಸಬೇಕಾದವನು ನಿಂತಿರುತ್ತಾನೆ, ಚಪ್ಪಾಳೆಯ ಪ್ರಸಂಗವೇ ಇಲ್ಲ. ಇದನ್ನು ದಾಟಿದವನು ಬೆಂಗಳೂರಿನ ಯಾವುದೋ ಕಂಪನಿಯ ಹವಾನಿಯಂತ್ರಿತ ಕೊಠಡಿಯಲ್ಲಿ ಕುಳಿತು, ಸಿಮೆಂಟಿನ ಧೂಳು ತಾಗದಂತೆ ಕಂಪ್ಯೂಟರಿಗೆ ಸಂಕೇತ ಬರೆಯುವುದೇ ಪರಮಪ್ರಯೋಜನವೆಂದು ಪಾಲಕರ ಸಿದ್ಧಾಂತ. ಹಳ್ಳದ ವಿಷಯವು ಹಳ್ಳದಲ್ಲಿಯೇ ಉಳಿಯುತ್ತದೆ.

ಇಷ್ಟಾದ ಮೇಲೂ, ಸಂಕದ ಬದಲು ಸೇತುವೆಯೇ ಬೇಕೆಂದು ಅರ್ಜಿ ಬರೆಯುವ ಶಾಸ್ತ್ರದ್ವೇಷಿಗಳಿಗೆ ಲೇಖಕನದು ಒಂದು ಬಿನ್ನಹ. ಎಂ-20 ಎಂಬ ದರ್ಜೆಯ ಕಾಂಕ್ರೀಟು, 150 ಮಿಲಿಮೀಟರಿನ ಘನಾಕಾರದ ಅಚ್ಚಿನಲ್ಲಿ, ಚದರ ಮಿಲಿಮೀಟರಿಗೆ 20 ನ್ಯೂಟನ್ ಭಾರವನ್ನು ತಾಳಬೇಕಾದುದು 28 ದಿನಗಳ ತರುವಾಯ. ಜೋಯಿಡಾಕ್ಕೆ ಮಳೆಯು ಜೂನಿನ ಮೊದಲಲ್ಲಿ ಬರುತ್ತದೆ. ಆದಕಾರಣ ಅರ್ಜಿಯ ಕೊನೆಗೆ, ಸ್ಲ್ಯಾಬನ್ನು ಏಪ್ರಿಲ್ ಮುಗಿಯುವುದರೊಳಗೆ ಹಾಕತಕ್ಕದ್ದು ಎಂಬ ಒಂದು ಸಾಲನ್ನು ತಪ್ಪದೆ ಸೇರಿಸಿರಿ.