ಶರಾವತಿಯಮ್ಮನವರಿಗೆ ಶಾಲು ಹೊದಿಸುತ್ತಾ

ವೇದಿಕೆಯ ಗಣ್ಯರೇ, ಗಣ್ಯರ ಹಿಂದೆ ನಿಂತ ಗುತ್ತಿಗೆದಾರರೇ, ಶಾಮಿಯಾನದ ಹೊರಗೆ ಕಪ್ಪು ಬಾವುಟ ಹಿಡಿದಿರುವ ಮುಳುಗಡೆ ಬಂಧುಗಳೇ,

ಇಂದಿನ ಸನ್ಮಾನಿತರಾದ ಶರಾವತಿಯಮ್ಮನವರು ಅಂಬುತೀರ್ಥದಲ್ಲಿ ರಾಮಬಾಣದಿಂದ ಹುಟ್ಟಿದವರೆಂದು ಪ್ರತೀತಿ. ಆಮೇಲೆ ಬಿದ್ದ ಬಾಣಗಳೆಲ್ಲ ಇಲಾಖೆಯವು. 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಬಂತು. ಸಾಲದೆಂದು 1964ರಲ್ಲಿ ಲಿಂಗನಮಕ್ಕಿ ಕಟ್ಟಿದೆವು. ಅಮ್ಮನವರು ಹಳೆಯ ಕಟ್ಟೆಯನ್ನೂ ಹೊಟ್ಟೆಗೆ ಹಾಕಿಕೊಂಡರು, ಊರುಗಳನ್ನೂ ಹಾಕಿಕೊಂಡರು. ನಾಡಿಗೆಲ್ಲ ಬೆಳಕಾಯಿತು, ಹಿನ್ನೀರಿನ ಹಳ್ಳಿಗಳಲ್ಲಿ ಬಹುಕಾಲ ಚಿಮಣಿ ದೀಪವೇ ಉರಿಯಿತು.

ಜೋಗದಲ್ಲಿ 253 ಮೀಟರ್ ಒಂದೇ ಉಸಿರಿಗೆ ಇಳಿದ ಅಮ್ಮನವರು ಇನ್ನು ಮುಂದೆ ಹತ್ತಬೇಕಾಗಿದೆ. 2000 ಮೆಗಾವಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯಲ್ಲಿ, ಕರೆಂಟು ಮಿಕ್ಕ ಹೊತ್ತಿಗೆ ಗೇರುಸೊಪ್ಪೆಯ ನೀರನ್ನು ಸುರಂಗದೊಳಗಿಂದ ತಳಕಳಲೆಗೆ ಎತ್ತುತ್ತೇವೆ. ಬೇಡಿಕೆ ಏರಿದಾಗ ಅದನ್ನೇ ಕೆಳಗೆ ಬಿಟ್ಟು ಕರೆಂಟು ತೆಗೆಯುತ್ತೇವೆ. ಎತ್ತುವುದಕ್ಕೇ ಹೆಚ್ಚು ಕರೆಂಟು ಬೇಕಲ್ಲವೇ ಎಂದು ಹಿಂದಿನ ಸಾಲಿನ ಮೇಷ್ಟ್ರು ಕೇಳುತ್ತಿದ್ದಾರೆ. ಬೇಕು ಮೇಷ್ಟ್ರೇ. ಬಿಸಿಲು, ಗಾಳಿಯ ಕರೆಂಟನ್ನು ಕೂಡಿಡಬೇಕೆಂದರೆ ಅಷ್ಟು ಬಡ್ಡಿ ತೆರಲೇಬೇಕು. ಆ ಬಡ್ಡಿಯನ್ನು ಯಾವ ಕಾಡು ಕಟ್ಟುತ್ತದೆ ಎಂಬುದು ಇಂದಿನ ಕಾರ್ಯಕ್ರಮ ಪಟ್ಟಿಯಲ್ಲಿಲ್ಲ.

ಸಿಂಗಳೀಕಗಳಿಗೂ ನಾವು ಕಡಿಮೆ ಮಾಡಿಲ್ಲ. 2019ರಲ್ಲಿ ಅವುಗಳ ಹೆಸರಿನಲ್ಲೇ ಅಭಯಾರಣ್ಯ ಘೋಷಿಸಿದೆವು. ಈಗ ಅದರಡಿಯಲ್ಲೇ ಸುರಂಗ. ಅಭಯ ಅವುಗಳಿಗೆ, ಅರಣ್ಯ ಯೋಜನೆಗೆ. ಅದೇ ವರ್ಷ ಲಿಂಗನಮಕ್ಕಿಯಿಂದ ಬೆಂಗಳೂರಿಗೆ ನೀರೊಯ್ಯುವ ಮಾತನ್ನೂ ಆಡಿದ್ದೆವು. ಶಿವಮೊಗ್ಗ ಜಿಲ್ಲೆ ಬಂದ್ ಮಾಡಿ ಉತ್ತರ ಕೊಟ್ಟಿತು. ಹೊನ್ನಾವರದ ಮೀನುಗಾರರು ಅಳಿವೆಗೆ ಸಿಹಿನೀರು ಎಷ್ಟು ಉಳಿಯುತ್ತದೆಂದು ಕೇಳುತ್ತಿದ್ದಾರೆ. ಅವರಿಗೂ ಒಂದು ಶಾಲು ತರಿಸಬಹುದಿತ್ತು.

ಇನ್ನು ಮುಳುಗಡೆಯವರು. ಆರು ದಶಕದಿಂದ ಹಕ್ಕುಪತ್ರ, ಹಕ್ಕುಪತ್ರ ಎನ್ನುತ್ತೀರಿ. ನಿಮ್ಮನ್ನು ತಂದು ಕೂರಿಸಿದ ನೆಲ ಕಡತದಲ್ಲಿ ಇನ್ನೂ ಅರಣ್ಯವಾಗಿಯೇ ಇದ್ದರೆ ನಾವೇನು ಮಾಡೋಣ? ಕೇಂದ್ರದ ಅನುಮತಿ ಬೇಕು, ಕಾನೂನು ಬಹಳ ಬಿಗಿ. ಹಾಗಾದರೆ ಈ ಯೋಜನೆಗೆ ಸಾವಿರಾರು ಮರ ಹೇಗೆ ಕಡಿಯುತ್ತೀರಿ ಎನ್ನಬೇಡಿ. ನೀವು ನಾಲ್ಕು ಅಡಕೆ ಸಸಿ ನೆಟ್ಟರೆ ಒತ್ತುವರಿ. ನಾವು ಗುಡ್ಡ ಕೊರೆದರೆ ಹಸಿರು ಇಂಧನ.

ಸನ್ಮಾನಿತರು ಎರಡು ಮಾತಾಡುವುದು ವಾಡಿಕೆ. ಸಮಯದ ಅಭಾವದಿಂದ ಅದನ್ನು ಕೈಬಿಟ್ಟಿದ್ದೇವೆ. ಆಕ್ಷೇಪಣೆ ಇದ್ದವರು ಬರೆದು ಕೊಡಿ. ಹಕ್ಕುಪತ್ರದ ಅರ್ಜಿಗಳಿರುವ ಕಪಾಟಿನಲ್ಲೇ ಜೋಪಾನವಾಗಿ ಇಡುತ್ತೇವೆ.