ನಂಬರ್ ಸಾಹೇಬರು

ರಾಮನಗರದ ಕಡೆ ಯಾವ ಸ್ನಾತಕೋತ್ತರ ಕೇಂದ್ರದ ಗ್ರಂಥಾಲಯ ಹೊಕ್ಕರೂ ಇಂಥವರೊಬ್ಬರು ಸಿಕ್ಕೇ ಸಿಗುತ್ತಾರೆ. ಹುದ್ದೆ ಸಹಾಯಕ ಗ್ರಂಥಪಾಲಕರದು. ಹುಡುಗರ ಬಾಯಲ್ಲಿ ‘ನಂಬರ್ ಸಾಹೇಬರು’. ಮೆಲ್ವಿಲ್ ಡ್ಯೂಯಿ 1876ರಲ್ಲಿ ಲೋಕದ ಜ್ಞಾನವನ್ನೆಲ್ಲ ಹತ್ತು ಪಾಲು ಮಾಡಿ ವಿಷಯಕ್ಕೊಂದು ನಂಬರ್ ಕೊಟ್ಟನಲ್ಲ, ಆ ಪಾಲುಪಾರೀಕತ್ತಿನ ಕಾವಲು ಈಗ ಇವರದು.

ಬಸ್ಸು ರೇಷ್ಮೆಗೂಡಿನ ಮಾರುಕಟ್ಟೆ ಮುಂದೆ ನಿಂತರೆ ‘638.2’ ಎಂದು ತಮ್ಮಷ್ಟಕ್ಕೆ ಗೊಣಗುತ್ತಾರೆ. ಪಕ್ಕದ ಸೀಟಿನವರು ಕೆ.ಜಿ. ಗೂಡಿನ ರೇಟೆಂದು ತಿಳಿದು, ‘ಇವತ್ತು ಅಷ್ಟು ಹೋಯ್ತಾ ಸಾ?’ ಎನ್ನುತ್ತಾರೆ. ರೇಷ್ಮೆಹುಳು 638ರಲ್ಲಿ, ಅದರ ನೂಲು 677ರಲ್ಲಿ. ಹುಳ ಸಾಕುವ ಮನೆಯ ಹುಡುಗ ಎರಡು ಬೀರುಗಳ ನಡುವೆ ಓಡಾಡಿ ಸಾಯಬೇಕು. ಚನ್ನಪಟ್ಟಣದ ಗೊಂಬೆಯದೂ ಅದೇ ಪಾಡು: ಮಾಡುವುದು 745, ಆಡುವುದು 790. ‘ಶೋಲೆ’ ತೆಗೆದ ಬೆಟ್ಟದ ಊರಲ್ಲವೇ, ಗಬ್ಬರ್ ಸಿಂಗ್ ಎಲ್ಲಿ ಎಂದು ಯಾರಾದರೂ ಕೆಣಕಿದರೆ, ‘ಸಿನಿಮಾದವನಾದರೆ 791.43, ನಿಜವಾದ ಡಕಾಯಿತನಾದರೆ 364’ ಎಂದು ನಗದೆ ಹೇಳುತ್ತಾರೆ.

ಡ್ಯೂಯಿ ಮೇಲೆ ಸಿಟ್ಟೂ ಇದೆ. ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂದು ಇಡೀ ಪಾಲು ಬರೆದುಕೊಟ್ಟವನು ಪಂಪನಿಂದ ಕುವೆಂಪುವರೆಗೆ ಎಲ್ಲರನ್ನೂ 894.814 ಎಂದು ಬಿಂದುವಿನಾಚೆಯ ಹಿತ್ತಲಿಗೆ ತಳ್ಳಿದ. ತೆಳ್ಳನೆಯ ಕವನಸಂಕಲನದ ಬೆನ್ನಿನ ಮೇಲೆ ಅಷ್ಟುದ್ದದ ನಂಬರಿಗೆ ಜಾಗವೆಲ್ಲಿ? ಸಿಟ್ಟು ನ್ಯಾಯವಾದದ್ದೇ. ಅದಕ್ಕೇ ಮೇಜಿನ ಮೇಲಿರುವುದು ನಮ್ಮ ಗ್ರಂಥಾಲಯ ವಿಜ್ಞಾನದ ಗುರು ಎಸ್.ಆರ್. ರಂಗನಾಥನ್ ಫೋಟೊ, ಅವರ ಜಯಂತಿ ಆಗಸ್ಟ್ 12ಕ್ಕೆ ಹಾರ. ಓದುಗನ ಸಮಯ ಉಳಿಸಬೇಕು ಎಂಬುದು ರಂಗನಾಥನ್ 1931ರಲ್ಲಿ ಕೊಟ್ಟ ಐದು ಸೂತ್ರಗಳಲ್ಲಿ ನಾಲ್ಕನೆಯದು. ಅದನ್ನು ವಿವರಿಸಲು ಇವರಿಗೆ ಮುಕ್ಕಾಲು ಗಂಟೆ ಬೇಕು.

2018ರ ಯುಜಿಸಿ ನಿಯಮ ಬಂದ ಮೇಲೆ ಕೃತಿಚೌರ್ಯದ ತಪಾಸಣೆಯೂ ಇವರ ತಲೆಗೇ ಬಂತು. ಹೋಲಿಕೆ ಶೇ. 10 ದಾಟಿದರೆ ಕಷ್ಟ. ಕನಕಪುರದ ಸಂಶೋಧಕನ ಪ್ರಬಂಧದ್ದು ಶೇ. 38. ಗೂಡಿನ ಹರಾಜಿನಲ್ಲಿ ‘ಇನ್ನೂ ಏರಿಸಿ’ ಎಂದು ಪಟ್ಟು ಹಿಡಿಯುವ ಮನೆತನದವನು ಇಲ್ಲಿ ‘ವಸಿ ಇಳಿಸ್ಕೊಡಿ ಸಾ’ ಎಂದು ಗೋಗರೆಯುತ್ತಾನೆ. ‘ಇದರಲ್ಲಿ ನೀನು ಬರೆದಿರೋ ಪುಟ ಯಾವುದು, ಮೊದಲು ಅದನ್ನ ತೋರಿಸಪ್ಪ’ ಎನ್ನುತ್ತಾರೆ ಸಾಹೇಬರು.

2025ರಲ್ಲಿ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಾದಾಗ ಊರೆಲ್ಲ ವಾದಕ್ಕೆ ಕೂತಿತು. ಇವರು ಕ್ಯಾಟಲಾಗು ತೆರೆದು, ಊರಿನ ಹಳೆಯ ಹೆಸರನ್ನೂ ಬಿಡದೆ, ‘ಕ್ಲೋಸ್‌ಪೇಟೆ: ರಾಮನಗರ ನೋಡಿ. ರಾಮನಗರ: ಬೆಂಗಳೂರು ದಕ್ಷಿಣವನ್ನೂ ನೋಡಿ’ ಎಂದು ಸೇರಿಸಿ ಊಟಕ್ಕೆ ಎದ್ದರು.

ಹಾಗಂತ ಸುಮ್ಮನೆ ನಗುವ ಹಾಗಿಲ್ಲ. ಮಾಗಡಿಯ ಹುಡುಗಿ ‘ಕೆಂಪೇಗೌಡರ ಮೇಲೆ ಏನಾದ್ರೂ ಇದ್ಯಾ ಸಾರ್’ ಎಂದು ಬಂದರೆ ಕಂಪ್ಯೂಟರ್ ಮುಟ್ಟುವುದಿಲ್ಲ. ಎದ್ದು ಹೋಗಿ, ಮಾಗಡಿ ಶಾಸನಗಳಿರುವ ಎಪಿಗ್ರಾಫಿಯಾ ಕರ್ನಾಟಿಕದ 9ನೇ ಸಂಪುಟ ಧೂಳು ಒರೆಸಿ ತಂದಿಡುತ್ತಾರೆ. ಆಕೆ ಕೇಳಬೇಕಿದ್ದ, ಕೇಳಲು ತಿಳಿಯದಿದ್ದ ಪುಸ್ತಕ ಅದು.

ಆ ಕಡೆ ಹೋದರೆ ಒಂದೇ ಕೋರಿಕೆ. ತಪ್ಪು ಜಾಗ ಸೇರಿದ ಪುಸ್ತಕ ಅವರ ಲೆಕ್ಕದಲ್ಲಿ ಕಳೆದುಹೋದ ಪುಸ್ತಕವೇ. ಉಪಕಾರ ಮಾಡುತ್ತೇನೆಂದು ನೀವಾಗಿ ಬೀರುವಿಗೆ ಸೇರಿಸಲು ಹೋಗಬೇಡಿ, ಮೇಜಿನ ಮೇಲೇ ಬಿಟ್ಟು ಬನ್ನಿ.